ಸೊನ್ನೆ ಪಾಯಿಂಟ್ ಒಂದರ ಕೊಸರು

ಕೂಡ್ಲಿಗಿ ದಾಟಿದ ಮೇಲೆ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಸಿಕ್ಕಿದ್ದೇ ತಪ್ಪಾಯಿತು ಅನ್ನಿಸಿತು ಕ್ರಾಂತಿಕುಮಾರನಿಗೆ. ಕೊಟ್ಟೂರಿನಿಂದ ಅಲ್ಲಿಯವರೆಗೆ ಯಾರದೋ ಮೊಣಕೈಯಿಂದ ತಿವಿಸಿಕೊಳ್ಳುತ್ತ, ಯಾರದೋ ಚೀಲ ಕಾಲ ಮೇಲೆ ಇಡಿಸಿಕೊಳ್ಳುತ್ತ ನಿಂತಿದ್ದಾಗ ಮನಸ್ಸಿಗೆ ಪುರಸೊತ್ತಿರಲಿಲ್ಲ. ಕೂತದ್ದೇ ತಡ, ಅಂಗಿಯ ಜೇಬಿನಲ್ಲಿದ್ದ ಕಾಗದ ಎದೆಗೆ ಒತ್ತತೊಡಗಿತು. ಒಂದೇ ಒಂದು ಹಾಳೆ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಬರೆದದ್ದು. ಜೂನ್ ತಿಂಗಳ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಾಗರತ್ನ ಎಂಬ ವಿದ್ಯಾರ್ಥಿನಿ ಬರೆದ ಉತ್ತರ ಸರಿಯಾಗಿತ್ತು, ಆಂತರಿಕ ಪರೀಕ್ಷಕನಾದ ನಾನು ಅಜ್ಞಾನದಿಂದ ಅದನ್ನು ತಪ್ಪೆಂದು ಹೊಡೆದುಹಾಕಿದೆ, ಆಕೆ ನಪಾಸಾದದ್ದು ನನ್ನಿಂದ, ಇಷ್ಟೇ. ಆ ‘ಅಜ್ಞಾನದಿಂದ’ ಎಂಬ ಪದವನ್ನು ಅವನು ಮೂರು ಸಲ ತೆಗೆದು ‘ಕಣ್ತಪ್ಪಿನಿಂದ’ ಎಂದು ಹಾಕಿದ್ದ, ಮೂರು ಸಲವೂ ಮತ್ತೆ ಮೊದಲಿನದನ್ನೇ ಟೈಪು ಮಾಡಿದ್ದ. ಕಡೆಗೆ ಪ್ರಿಂಟು ತೆಗೆಯುವಾಗ ಯಾವುದು ಉಳಿದಿತ್ತೋ ಅವನಿಗೇ ಗೊತ್ತಿಲ್ಲ. ಜೇಬಿನಿಂದ ತೆಗೆದು ನೋಡಬಹುದಿತ್ತು. ನೋಡಲಿಲ್ಲ.

ಕಾಲೇಜಿನ ಹೆಡ್ ಕ್ಲಾರ್ಕ್ ಬೀರಲಿಂಗೇಶ್ ಶನಿವಾರ ಆ ಕಾಗದವನ್ನು ಎರಡು ಸಲ ಓದಿ, ಬೆರಳಿಗೆ ಬಿಸಿ ತಾಗಿದವರ ಹಾಗೆ ಮೇಜಿನ ಮೇಲೆ ಇಟ್ಟಿದ್ದರು. “ಇದೊಂದ ಹೋದ್ರ ಯಾರೂ ಮೂಸಂಗಿಲ್ಲರಿ ಸರ. ಹುಡುಗಿ ಅರ್ಜಿ ಬೇಕು, ಆಕಿ ಸಹಿ ಬೇಕು. ಸೋಮವಾರ ಕಡೀ ದಿನ. ಮ್ಯಾಲ ನಿಮಗೊಂದು ಹೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಗೆಸ್ಟ್ ಲೆಕ್ಚರರ್ ಲಿಸ್ಟೂ ಸೋಮವಾರನ ಹೋಗೂದು. ನನಗ ಪಾಠ ಬರಂಗಿಲ್ಲ ಅಂತ ನೀವ ಬರಕೊಟ್ಟ ಮ್ಯಾಲ ಪ್ರಿನ್ಸಿಪಾಲರು ನಿಮ್ಮ ಹೆಸರು ಹೆಂಗ ಬರೀತಾರ?” ಹನ್ನೊಂದು ವರ್ಷದಿಂದ ಕ್ರಾಂತಿಕುಮಾರ್ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಅತಿಥಿಯಾಗಿರುವವನನ್ನು ಬೇರೆ ಕಡೆ ಏನಂತಾರೋ, ಕಾಲೇಜಿನಲ್ಲಿ ಸರ್ ಅಂತಾರೆ. ಪ್ರತಿ ವರ್ಷ ಲಿಸ್ಟು ಬರುವ ವಾರ ಅವನಿಗೆ ಊಟ ಸೇರುವುದಿಲ್ಲ. ಹೆಂಡತಿ ಮಂಜಮ್ಮ ಕೇಳುವುದನ್ನೇ ಬಿಟ್ಟಿದ್ದಾಳೆ. ಈ ಭಾನುವಾರ ಬೆಳಿಗ್ಗೆಯೂ ಅಷ್ಟೇ, ಆ ಹುಡುಗಿಯ ಊರು ಗುಡೇಕೋಟೆಗೆ ಹೋಗಿಬರ್ತೀನಿ ಅಂದಾಗ ಯಾಕೆ ಅನ್ನಲಿಲ್ಲ, ಛತ್ರಿ ಕೊಟ್ಟಳು.

ಕಿಟಕಿಯಾಚೆ ಕುರುಚಲು ಗುಡ್ಡಗಳು ಶುರುವಾದವು. ಹೊಲಗಳಲ್ಲಿ ಶೇಂಗಾ ಕಿತ್ತು ಗುಡ್ಡೆ ಹಾಕಿದ್ದರು. ಮೂರು ಆರು ಸೊನ್ನೆ ಎರಡು ಎಂಟು ಏಳು ಒಂಬತ್ತು. ಈಚೆಗೆ ಹೀಗೆ, ಹಲ್ಲುಜ್ಜುವಾಗ, ಹಾಜರಿ ಕೂಗುವಾಗ, ಎಲ್ಲಿ ಬೇಕಾದರಲ್ಲಿ ಆ ಸಂಖ್ಯೆ ನಾಲಿಗೆಗೆ ಬಂದು ನಿಲ್ಲುತ್ತದೆ. ಹದಿನಾರು ಅಂಕಿಯ ಸಂಖ್ಯೆ ಯಾರಿಗಾದರೂ ಬಾಯಿಪಾಠ ಬರುತ್ತದೆಯೇ? ಅವನಿಗೆ ಬರುತ್ತದೆ, ಯಾಕೆಂದರೆ ಆವತ್ತು ಅದನ್ನು ಇಡೀ ಬ್ಯಾಚಿಗೆ ಕೇಳುವಂತೆ ಒಂದೊಂದೇ ಅಂಕಿ ಓದಿ ನಗಿಸಿದವನು ಅವನೇ. ಥೂ, ನಿನ್ನ ಬಾಯಿಗಿಷ್ಟು, ಅಂದುಕೊಂಡ. ಪಕ್ಕದಲ್ಲಿದ್ದ ಮುದುಕ ತಿರುಗಿ ನೋಡಿದ. ಜೋರಾಗಿ ಅಂದುಬಿಟ್ಟನೇನೋ.

ಪ್ರಶ್ನೆ ಏನೂ ದೊಡ್ಡದಾಗಿರಲಿಲ್ಲ. ದಶಮಾಂಶ ಸಂಖ್ಯೆಯೊಂದನ್ನು ಕೊಟ್ಟರೆ ಅದನ್ನು ಭಿನ್ನರಾಶಿ ಮಾಡಿ ತೋರಿಸುವ ಪ್ರೋಗ್ರಾಂ ಬರೆಯಿರಿ. ಸೊನ್ನೆ ಪಾಯಿಂಟ್ ಐದು ಕೊಟ್ಟರೆ ಒನ್ ಬೈ ಟೂ ಬರಬೇಕು, ಸೊನ್ನೆ ಪಾಯಿಂಟ್ ಒಂದು ಕೊಟ್ಟರೆ ಒನ್ ಬೈ ಟೆನ್. ಅವನು ಕ್ಲಾಸಿನಲ್ಲಿ ಬರೆಸಿದ್ದ ರೀತಿ ಒಂದಿತ್ತು: ಚುಕ್ಕಿಯ ಆಚೆ ಎಷ್ಟು ಅಂಕಿ ಇವೆ ಎಣಿಸು, ಅಷ್ಟು ಸೊನ್ನೆ ಕೆಳಗೆ ಹಾಕು, ಮೇಲೆ ಕೆಳಗೆ ಹೊಡೆದುಹಾಕು, ಮುಗಿಯಿತು. ಮೂವತ್ತು ಹುಡುಗರು ಹಾಗೇ ಬರೆದರು, ಮೂವತ್ತು ತೆರೆಗಳ ಮೇಲೂ ಒನ್ ಬೈ ಟೆನ್ ಬಂತು. ನಾಗರತ್ನಳ ತೆರೆಯ ಮೇಲೆ ಮಾತ್ರ 3602879701896397, ಅದರ ಕೆಳಗೆ 36028797018963968. ಅವಳು ಚುಕ್ಕಿಯನ್ನು ಎಣಿಸಿರಲಿಲ್ಲ. ಕಂಪ್ಯೂಟರ್ ಆ ಸಂಖ್ಯೆಯನ್ನು ತನ್ನ ಹೊಟ್ಟೆಯಲ್ಲಿ ಹೇಗೆ ಇಟ್ಟುಕೊಂಡಿದೆಯೋ ಅದನ್ನೇ ಹೊರಗೆ ತೆಗೆದು, ಪೂರ್ಣಸಂಖ್ಯೆ ಆಗುವವರೆಗೆ ದುಪ್ಪಟ್ಟು ಮಾಡುತ್ತ ಹೋಗಿದ್ದಳು. ಐವತ್ತೈದು ಸಲ ದುಪ್ಪಟ್ಟು. ಹರಪನಹಳ್ಳಿಯಿಂದ ಬಾಹ್ಯ ಪರೀಕ್ಷಕರಾಗಿ ಬಂದಿದ್ದ ಹಾಲಸ್ವಾಮಿ ಸರ್ ಕನ್ನಡಕ ಏರಿಸಿ ನೋಡಿ, “ಏನಮ್ಮ ಇದು, ಎರಡು ಆಧಾರ್ ನಂಬರ್ ಮೇಲೆ ಕೆಳಗೆ ಬರ್ದಂಗೈತಲ್ಲ” ಅಂದರು. ಕೆಟ್ಟ ಮನುಷ್ಯರಲ್ಲ ಅವರು, ಅವರಿಗೆ ನಿಜವಾಗಿಯೂ ತಮಾಷೆ ಅನ್ನಿಸಿತ್ತು. ಅಲ್ಲಿಗೆ ಬಿಟ್ಟಿದ್ದರೆ ಬಿಟ್ಟುಹೋಗುತ್ತಿತ್ತು.

ಬಿಡಲಾರದ್ದಕ್ಕೆ ಕಾರಣ ಕಾಲೇಜಿನ ಗೇಟಿನಲ್ಲಿ ನಿಂತಿತ್ತು. ಆವತ್ತು ಬೆಳಿಗ್ಗೆ ನಾಗರತ್ನಳ ಅಜ್ಜಿ ಗಿಡ್ಡಮ್ಮ, ತಲೆಯ ಮೇಲೆ ಶೇಂಗಾ ಬುಟ್ಟಿ, ಬಾಯಲ್ಲಿ ಎಲೆ, ಮೊಮ್ಮಗಳನ್ನು ಬಿಡಲು ಬಂದವಳು, ಹಾಲಸ್ವಾಮಿ ಸರ್ ಜೊತೆ ಚಹಾ ಕುಡಿದು ಬರುತ್ತಿದ್ದ ಅವನನ್ನು ಕಂಡು ರಸ್ತೆಯ ಆಚೆಯಿಂದಲೇ ಕೂಗಿದ್ದಳು. “ಏ ಕ್ರಾಂತೀ! ನಮ್ಮ ಹುಲುಗಪ್ಪಣ್ಣನ ಮಗ ಅಲ್ಲನಪಾ ನೀನು! ನಮ್ಮ ಹುಡುಗೀನ ಒಂಚೂರು ನೋಡ್ಕೊಳ್ಳೋ, ನಮ್ಮೋರು ಅಂತ ನೀನೊಬ್ಬನ ಅದೀ ಅಲ್ಲಿ!” ನಮ್ಮೋರು. ಹಾಲಸ್ವಾಮಿ ಸರ್ ಮುಗುಳ್ನಕ್ಕು, “ಓಹೋ, ಸಂಬಂಧಿಕ್ರಾ?” ಅಂದರು. ಅಷ್ಟೇ ಅಂದದ್ದು. ಹಿಂದೊಮ್ಮೆ ಇದೇ ಸರ್ ನಿಮಗೆ ಕ್ರಾಂತಿ ಅಂತ ಯಾಕೆ ಹೆಸರಿಟ್ಟರು ಅಂತ ಕೇಳಿದ್ದಾಗ ಅವನು, ನಮ್ಮವ್ವ ಯಾವುದೋ ಸಿನಿಮಾ ನೋಡಿದ್ದಳಂತೆ ಸರ್, ಅಂದಿದ್ದ. ಅಪ್ಪ ಹುಲುಗಪ್ಪ ಹಲಗೆ ಬಡಿಯುವುದನ್ನು ಬಿಟ್ಟು, ಮನೆಯ ಗೋಡೆಗೆ ಬುದ್ಧನ ಪಟ ಹಾಕಿ, ಊರೂರಿಗೆ ನೀಲಿ ಬಾವುಟ ಹಿಡಿದು ತಿರುಗಿ, ಇಪ್ಪತ್ತು ಹಳ್ಳಿಯ ಸಭೆಗಳಲ್ಲಿ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಇವನ ಹೆಸರು ಕ್ರಾಂತಿಕುಮಾರ ಅಂತ ಎದೆ ಸೆಟೆದು ಹೇಳುತ್ತಿದ್ದದ್ದು ಅವನಿಗೆ ಆ ಕ್ಷಣ ನೆನಪಾಗಿತ್ತು, ಆದರೂ ಬಾಯಿ ಸಿನಿಮಾ ಅಂದಿತ್ತು. ಈಗ ಗೇಟಿನಲ್ಲಿ ಗಿಡ್ಡಮ್ಮ ಒಂದೇ ಕೂಗಿಗೆ ಎಲ್ಲವನ್ನೂ ಬೀದಿಗೆ ತಂದಿದ್ದಳು. ಅವನು ಅವಳ ಕಡೆ ನೋಡದೆ ಒಳಗೆ ಹೋದ. ತಮ್ಮೋರಿಗೆ ಮಾರ್ಕ್ಸ್ ಹಾಕಿದ ಅನ್ನಿಸಿಕೊಳ್ಳಬಾರದು ಎಂಬುದೊಂದೇ ಅವತ್ತಿಡೀ ಅವನ ತಲೆಯಲ್ಲಿ ಇದ್ದದ್ದು.

ಹುಡುಗಿ ಮಾತ್ರ ಹೆದರಿರಲಿಲ್ಲ, ಅದೂ ಒಂದು ಕೇಡಾಯಿತು. ಹಾಲಸ್ವಾಮಿ ಸರ್ ನಕ್ಕದ್ದನ್ನು ಅವಳು ಒಪ್ಪಿಗೆ ಅಂತಲೇ ತಿಳಿದಳು. “ಸರ್, ಅದಕ್ಕ ಹತ್ತರಾಗ ಒಂದು ಪಾಲು ಮಾಡಾಕ ಬರಂಗಿಲ್ಲ ಸರ್. ಬರೇ ಅರ್ಧ ಮಾಡತೈತಿ, ಅರ್ಧದಾಗ ಅರ್ಧ, ಅದರಾಗ ಮತ್ತ ಅರ್ಧ. ನಮ್ಮಜ್ಜಿ ಶೇಂಗಾ ಅಳದಂಗ. ಸೇರು, ಅಚ್ಚೇರು, ಪಾವು, ಅರಪಾವು, ಚಟಾಕು. ಸೇರಿನಾಗ ಹತ್ತನೇ ಪಾಲು ಕೊಡು ಅಂದ್ರ ಚಟಾಕು ಹಾಕಿದ್ರ ಕಡಿಮಿ ಬೀಳತೈತಿ, ಅರಪಾವು ಹಾಕಿದ್ರ ಹೆಚ್ಚಾಗತೈತಿ. ಹಂಗಾಗಿ ಚಟಾಕಿನ ಮ್ಯಾಲ ಚೂರು, ಚೂರಿನ ಮ್ಯಾಲ ಚೂರು ಹಾಕ್ಕೊಂತ ಹೋಗತೈತಿ. ಮುಗಿಯಂಗಿಲ್ಲ ಸರ್ ಅದು. ಕಡೀಗೆ ಸಾಕಾಗಿ ಒಂದೀಟು ಕೊಸರು ಹಾಕಿ ಬಿಟ್ಟುಬಿಡತೈತಿ.” ಕೈಯಲ್ಲಿ ಅಳತೆಯ ಪಾತ್ರೆ ಇದ್ದಂತೆ ಅವಳು ಬಗ್ಗಿಸಿ ತೋರಿಸಿದಳು. ಅವಳ ಮುಖದಲ್ಲಿ ಸಂತೋಷವಿತ್ತು. ಅದನ್ನು ಕ್ರಾಂತಿಕುಮಾರ್ ಕಂಡಿದ್ದ. ಕಂಡೇ ಅಂದಿದ್ದ: “ಕೊಸರು ಹಾಕಾಕ ಇದೇನು ಸಂತಿಯೇನಮ್ಮಾ? ಲ್ಯಾಬು ಇದು.” ಆಮೇಲೆ ತೆರೆಯ ಕಡೆ ಬಾಗಿ, ಮೂರು, ಆರು, ಸೊನ್ನೆ, ಎರಡು ಎಂದು ರಾಗ ಎಳೆದು ಓದಿದ. ಮೂವತ್ತು ಜನ ನಕ್ಕರು. ಹಾಲಸ್ವಾಮಿ ಸರ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಉತ್ತರಕ್ಕೆ ಸೊನ್ನೆ, ಮೌಖಿಕಕ್ಕೆ ಎರಡು. ಹಾಲಸ್ವಾಮಿ ಸರ್‌ಗೇ ಪಾಪ ಅನ್ನಿಸಿ, “ಪಾಸ್ ಮಾಡ್ಬಿಡಣೇನ್ರಿ?” ಅಂದಾಗ, “ಬ್ಯಾಡ ಸರ್, ನಿಯಮ ನಿಯಮನೇ” ಅಂದವನೂ ಅವನೇ.

ಗೊತ್ತಾದದ್ದು ಹೋದ ತಿಂಗಳು. ಮಧ್ಯಾಹ್ನ, ಖಾಲಿ ಲ್ಯಾಬು. ಹುಡುಗರ ಇಂಟರ್ನಲ್ ಅಂಕ ಕೂಡಿಸುವ ಒಂದು ಸಣ್ಣ ಪ್ರೋಗ್ರಾಂ ಎಲ್ಲೋ ಎಡವುತ್ತಿತ್ತು. ಬೇಜಾರಿಗೆ ಸೊನ್ನೆ ಪಾಯಿಂಟ್ ಒಂದನ್ನು ಮೂರು ಸಲ ಕೂಡಿಸಿ ನೋಡಿದ. ಸೊನ್ನೆ ಪಾಯಿಂಟ್ ಮೂರು ಬರಲಿಲ್ಲ. ಮೂರರ ಆಚೆ ಸೊನ್ನೆಗಳ ದೊಡ್ಡ ಸಾಲು, ಬಾಲದಲ್ಲೊಂದು ನಾಲ್ಕು. ಇನ್ನೊಮ್ಮೆ ಕೂಡಿಸಿದ, ಅದೇ ಬಂತು. ಕಂಪ್ಯೂಟರ್ ಒಳಗೆ ಸೊನ್ನೆ ಪಾಯಿಂಟ್ ಒಂದು ನಿಜವಾಗಿ ಎಷ್ಟಿದೆ ಎಂದು ಕೇಳುವ ಆಜ್ಞೆ ಒಂದಿದೆ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವನು ಕೇಳಿರಲಿಲ್ಲ. ಕೇಳಿದ. ಮೂರು ಆರು ಸೊನ್ನೆ ಎರಡು. ಒಂದು ಅಂಕಿಯೂ ಹೆಚ್ಚುಕಡಿಮೆ ಇಲ್ಲ. ಕೆಳಗಿನದೂ ಅದೇ. ಮೇಲಿನದನ್ನು ಹತ್ತರಿಂದ ಗುಣಿಸಿ, ಅದರಿಂದ ಕೆಳಗಿನದನ್ನು ಕಳೆದು ನೋಡಿದ. ಎರಡು ಹೆಚ್ಚಿತ್ತು. ಆ ಯಂತ್ರ ಅಷ್ಟೊಂದು ಕೋಟಿ ಕೋಟಿ ಚೂರು ಮಾಡಿ, ಕಡೆಗೆ ಎರಡು ಚೂರು ಹೆಚ್ಚಿಗೆ ಹಾಕಿತ್ತು. ಹುಡುಗಿ ಹೇಳಿದ ಕೊಸರು ಅದೇ. ಅವನಿಗೆ ಮೊದಲು ಅನ್ನಿಸಿದ್ದು, ಅಯ್ಯೋ ಅವಳು ಸರಿ ಇದ್ದಳಲ್ಲ ಅಂತಲ್ಲ, ಸದ್ಯ ಯಾರೂ ನೋಡಲಿಲ್ಲ ಅಂತ. ಇಷ್ಟು ದಿನವಾದರೂ ಅವನಿಂದ ನುಂಗಲಾಗದ್ದು ಅದು.

ಗುಡೇಕೋಟೆಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಗಿಡ್ಡಮ್ಮನ ಮನೆ ಕೇಳುವ ಅಗತ್ಯವಿರಲಿಲ್ಲ, ಚಿಕ್ಕಂದಿನಲ್ಲಿ ಅಪ್ಪನ ಸೈಕಲ್ಲಿನ ಮುಂದೆ ಕೂತು ಬಂದು ಉಂಡು ಹೋದ ಮನೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ನಾಗರತ್ನಾ, ನಿನ್ನ ಉತ್ತರ ಸರಿ ಇತ್ತಮ್ಮ, ನಾನೇ ದಡ್ಡ. ಇಲ್ಲ, ದಡ್ಡ ಅಂದರೆ ನಾಟಕವಾಗುತ್ತದೆ. ನನಗೆ ಗೊತ್ತಿರಲಿಲ್ಲ. ಹೌದು, ಅಷ್ಟೇ, ನನಗೆ ಗೊತ್ತಿರಲಿಲ್ಲ. ಇಲ್ಲೊಂದು ಸಹಿ ಹಾಕು. ಅವಳು ಅಳಬಹುದು, ಬೈಯಬಹುದು, ಬೈದರೆ ಒಳ್ಳೆಯದು. ಅವಳ ಮುಖದಲ್ಲಿ ಆವತ್ತಿನ ಆ ಬೆಳಕು ಒಂದು ಸಲ ಬಂದುಬಿಟ್ಟರೆ ಸಾಕು, ಲಿಸ್ಟೂ ಬೇಡ ಏನೂ ಬೇಡ. ಹೀಗೆ ಅಂದುಕೊಂಡಾಗ ತನ್ನ ಬಗ್ಗೆ ತನಗೇ ಸ್ವಲ್ಪ ಮೆಚ್ಚುಗೆಯಾಯಿತು. ನಾಲ್ಕು ಹೆಜ್ಜೆ ಹೋಗುವುದರೊಳಗೆ ಆ ಮೆಚ್ಚುಗೆಯೂ ಹಳಸಿತು.

ಅಂಗಳದಲ್ಲಿ ಬಳ್ಳಿ ಸಮೇತ ಶೇಂಗಾ ಗುಡ್ಡೆ ಬಿದ್ದಿತ್ತು. ಗಿಡ್ಡಮ್ಮ ಕಾಲು ಚಾಚಿ ಕೂತು ಕಾಯಿ ಬಿಡಿಸುತ್ತಿದ್ದಳು. ನಾಗರತ್ನಳೂ ಬಿಡಿಸುತ್ತಿದ್ದಳು, ಆದರೆ ಕಣ್ಣು ಅಲ್ಲಿರಲಿಲ್ಲ. ಮುಂದೆ ಬೋರಲು ಹಾಕಿದ ಬುಟ್ಟಿಯ ಮೇಲೆ ಒಂದು ಹೊಸ ನೋಟುಬುಕ್ಕು ತೆರೆದಿತ್ತು, ತುಟಿ ಅಲ್ಲಾಡುತ್ತಿತ್ತು. ಅವನನ್ನು ಕಂಡು ದಡಬಡ ಎದ್ದಳು. ಮಡಿಲಿನ ಕಾಯೆಲ್ಲ ಕೆಳಗೆ ಚೆಲ್ಲಿದವು.

“ಬಾರಪಾ, ಬಾ! ಹುಲುಗಪ್ಪಣ್ಣ ಹ್ವಾದಮ್ಯಾಲ ಈ ಕಡಿ ತಲಿನ ಹಾಕಿಲ್ಲಲ್ಲ ನೀನು” ಎಂದಳು ಗಿಡ್ಡಮ್ಮ. ಗೇಟಿನಲ್ಲಿ ಮುಖ ತಿರುಗಿಸಿಕೊಂಡು ಹೋದದ್ದು ಅವಳಿಗೆ ನೆನಪಿರಲಿಲ್ಲವೋ, ನೆನಪಿದ್ದೂ ಬಿಟ್ಟಳೋ. “ಏ ನಾಗೀ, ನೀರು ತಾ. ನಿಮ್ಮ ಸಾರು ಬಂದಾರ ನೋಡು.”

“ಆರಾಮ ಅದೀಯೇನತ್ತಿ?” ಎಂದು ಕೇಳಿ ಕಟ್ಟೆಯ ಮೇಲೆ ಕೂತ. ನಾಗರತ್ನ ತಂಬಿಗೆ ಇಟ್ಟು, ನಾಲ್ಕು ಮಾರು ಆಚೆ, ಲ್ಯಾಬಿನಲ್ಲಿ ನಿಲ್ಲುತ್ತಿದ್ದ ಹಾಗೆ ಕೈ ಕಟ್ಟಿ ನಿಂತಳು. ನಾಲ್ಕೇ ತಿಂಗಳಲ್ಲಿ ಬಡವಾಗಿದ್ದಳು. ನೀರು ಕುಡಿದ. ಜೇಬಿನ ಮೇಲೆ ಕೈ ಇಟ್ಟ. “ನಾಗರತ್ನಾ, ಆವತ್ತು ಪರೀಕ್ಷಿದಾಗ ನೀನು ಬರದಿದ್ದಿ ನೋಡು…”

“ಸರ್, ಅದು ತಪ್ಪಾತ್ರಿ ಸರ್” ಎಂದಳು ಅವಳು, ಅವನು ಮುಗಿಸುವುದಕ್ಕೇ ಬಿಡದೆ. “ಹುಚ್ಚುಚ್ಚಾರ ಏನೇನೋ ಮಾತಾಡಿದ್ನಿ ಸರ್. ಹೊರಗಿನ ಸರ್ ಮುಂದ ನಿಮ್ಮ ಮರ್ಯಾದಿ ಕಳದ್ನಿ. ಆಮ್ಯಾಲ ನಮ್ಮ ಕ್ಲಾಸಿನ ಹುಡುಗ್ರೆಲ್ಲ ಬೈದ್ರು. ಬಂದು ತಪ್ಪಾತು ಅನ್ನಬೇಕು ಅಂತಿದ್ನಿ, ಕಾಲೇಜಿನಾಗ ಕಾಲಿಡಾಕ ನಾಚಿಕಿ ಆಗಿ ಬರಲಿಲ್ಲ.” ಅವಳು ಬಗ್ಗಿ ಅವನ ಕಾಲು ಮುಟ್ಟಲು ಬಂದಳು. ಅವನು ಚಪ್ಪಲಿ ಬಿಟ್ಟ ಕಾಲುಗಳನ್ನು ಕಟ್ಟೆಯ ಮೇಲೆ ಎಳೆದುಕೊಂಡ. ಗಿಡ್ಡಮ್ಮ, “ಅವೆಲ್ಲ ಯಾಕವ್ವಾ, ಮನಿ ಮನುಷಾ ಅಂವ” ಅಂದಳು.

ನೋಟುಬುಕ್ಕನ್ನು ಅವಳೇ ತಂದು ಕೈಗೆ ಕೊಟ್ಟಳು. ನಾಳೆ ಹರಪನಹಳ್ಳಿಯಲ್ಲಿ ಮರುಪರೀಕ್ಷೆ, ಅದೇ ಹಾಲಸ್ವಾಮಿ ಸರ್ ಪರೀಕ್ಷಕರಂತೆ, ಅದೇ ಪ್ರಶ್ನೆಯನ್ನೇ ಕೊಟ್ಟರೂ ಕೊಡಬಹುದು ಅಂದಳು. ಮೊದಲ ಪುಟದಲ್ಲಿ ಅವನು ಕ್ಲಾಸಿನಲ್ಲಿ ಬರೆಸಿದ ಪ್ರೋಗ್ರಾಂ. ಚುಕ್ಕಿಯ ಆಚೆ ಅಂಕಿ ಎಣಿಸು, ಅಷ್ಟು ಸೊನ್ನೆ ಹಾಕು, ಹೊಡೆದುಹಾಕು. ಕೊನೆಯಲ್ಲಿ 1/10, ಸುತ್ತ ಒಂದು ಚೌಕ. ಎರಡನೆಯ ಪುಟದಲ್ಲೂ ಅದೇ. ಮೂರನೆಯದರಲ್ಲೂ. ತಿರುವುತ್ತ ಹೋದ, ಇಡೀ ಬುಕ್ಕಿನಲ್ಲಿ ಅದೇ ಇತ್ತು, ಒಂದೇ ಅಳತೆಯ ಅಕ್ಷರ, ಒಂದೇ ಕಡೆ ಚೌಕ. ಅಷ್ಟು ಸಲ ಬರೆಯುವಾಗ ಎಲ್ಲಾದರೂ ಒಂದು ಕಡೆ ಅವಳ ಕೈ ತಡೆದಿರಬೇಕು, ಒಂದು ಗೀಟಾದರೂ ಸೊಟ್ಟ ಬಿದ್ದಿರಬೇಕು ಎಂದು ಹುಡುಕಿದ. ಇರಲಿಲ್ಲ.

“ಸೊನ್ನೆ ಪಾಯಿಂಟ್ ಒಂದು ಕಂಪ್ಯೂಟರ್ ಒಳಗ ಎಷ್ಟಿರತೈತಿ?” ಎಂದು ಕೇಳಿದ. ಅವನ ದನಿ ಅವನಿಗೇ ಬೇರೆಯಾಗಿ ಕೇಳಿಸಿತು.

“ಒನ್ ಬೈ ಟೆನ್ ಸರ್.” ಕೇಳಿದ್ದೇ ತಡ ಬಂತು.

“ಮತ್ತ… ಕೊಸರು?”

ಹೇಳಲಿ. ಈಗಲಾದರೂ ಹೇಳಲಿ. ಇಲ್ಲ ಸರ್, ಐತಿ ಸರ್, ಅನ್ನಲಿ. ಅವಳೊಂದು ಮಾತು ಅಂದರೆ ತಾನು ಎಲ್ಲ ಅಂದುಬಿಡುತ್ತೇನೆ ಎಂದು ಅವನು ಕಾದ. ಅವಳ ಕಿವಿಯವರೆಗೂ ಕೆಂಪಡರಿತು. ತಲೆ ಬಗ್ಗಿತು. ಮತ್ತೆ ಹಂಗಿಸಲಿಕ್ಕೆಂದೇ ಇಷ್ಟು ದೂರ ಬಂದಿದ್ದಾನೆ ಎಂದು ಅವಳು ತಿಳಿದಳು, ಮತ್ತೆ ಹಾಗಲ್ಲದೆ ಇನ್ನು ಹೇಗೆ ತಿಳಿಯಬೇಕು ಪಾಪ. “ಇನ್ನ ಅನ್ನಂಗಿಲ್ಲರಿ ಸರ್” ಎಂದಳು ಮೆಲ್ಲಗೆ. “ಅದೆಲ್ಲ ತಲಿಯಿಂದ ತಗದೀನಿ.” ಕಾಲ ಬೆರಳಿನಿಂದ ನೆಲ ಕೆರೆಯುತ್ತ ಕೇಳಿದಳು: “ಈಗ ಸರಿ ಐತೇನ್ರಿ ಸರ್?”

ಜೇಬಿನಲ್ಲಿ ಕಾಗದವಿತ್ತು. ಬೆವರಿಗೆ ಒದ್ದೆಯಾಗಿ ಅಂಗಿಗೆ ಅಂಟಿತ್ತು. ನಾಳೆ ಇವಳು ಇದನ್ನೇ ಬರೆದರೆ ಪಾಸು, ಎರಡು ಮಾತಿಲ್ಲ. ಈಗ ನಿಜ ಹೇಳಿದರೆ ಯಾವುದನ್ನು ಬರೆಯಲಿ ಎಂದು ಇವಳು ತಡವರಿಸುತ್ತಾಳೆ, ಅರ್ಜಿ ಯಾವ ಮೇಜಿನ ಮೇಲೆ ಎಷ್ಟು ತಿಂಗಳು ಕೊಳೆಯುತ್ತದೋ. ಹೇಳದಿರುವುದೇ ಇವಳಿಗೆ ಒಳ್ಳೆಯದು. ಲೆಕ್ಕ ಎಷ್ಟು ಚೊಕ್ಕವಾಗಿ ಬಂತೆಂದರೆ, ಇಂಥ ಚೊಕ್ಕ ಲೆಕ್ಕ ತನಗೆ ಯಾವಾಗ ಬರುತ್ತದೆ ಎಂಬುದು ಅವನಿಗೆ ಗೊತ್ತಿದ್ದರಿಂದ ಹೇಸಿಗೆಯಾಯಿತು. ಹೇಸಿಗೆಗಿಂತ ಮುಂಚೆ ಸಮಾಧಾನ ಬಂದಿತ್ತು. ಸೋಮವಾರದ ಲಿಸ್ಟಿನಲ್ಲಿ ತನ್ನ ಹೆಸರು ಟೈಪಾದದ್ದು ಕಣ್ಣಿಗೆ ಕಟ್ಟಿತ್ತು.

“ಸರಿ ಐತಿ” ಅಂದ.

ಅವಳು ಉಸಿರು ಬಿಟ್ಟಳು. ನಕ್ಕಳೂ ಕೂಡ. ಆವತ್ತಿನ ನಗೆ ಅಲ್ಲ, ಗಂಟಲಲ್ಲಿ ಸಿಕ್ಕಿಕೊಂಡದ್ದು ಇಳಿದವರ ನಗೆ. ಬುಕ್ಕನ್ನು ಇಸಿದುಕೊಂಡು ಬುಟ್ಟಿಯ ಮುಂದೆ ಹೋಗಿ ಕೂತಳು, ಮತ್ತೆ ತುಟಿ ಅಲ್ಲಾಡತೊಡಗಿತು.

ಅವನು ಎದ್ದಾಗ ಗಿಡ್ಡಮ್ಮ ಬರಿಗೈಲಿ ಕಳಿಸಲು ಒಪ್ಪಲಿಲ್ಲ. “ನಿನ್ನ ಹೆಣ್ತಿಗೆ ಒಯ್ಯಿ, ಹಸೀ ಕಾಯಿ, ಕುದಿಸಿ ತಿನ್ರಿ” ಎಂದು ಚೀಲಕ್ಕೆ ಸೇರಿನಲ್ಲಿ ಅಳೆದು ಹಾಕಿದಳು. ಆಮೇಲೆ, “ಬಸ್ಸಿನಾಗ ನಿನಗ” ಎಂದು ಒಳಗಿನಿಂದ ಹುರಿದದ್ದು ತಂದಳು. ಕಂಬದ ಪಕ್ಕ ಕಲ್ಲಿನ ಕೆಳಗೆ ಹಾಳೆಗಳ ಕಂತೆಯಿತ್ತು. ಒಂದು ಹರಿದು ಸುರುಳಿ ಸುತ್ತಿ, ಪಾವಿನ ತುಂಬ ಅಳೆದು ಸುರಿದು, ಇನ್ನೊಂದು ಹಿಡಿ ಮೇಲೆ ಹಾಕಿದಳು. “ಕೊಸರು” ಅಂದಳು. ಅದು ಅವಳ ಅಭ್ಯಾಸ, ಯಾರಿಗೇ ಅಳೆದರೂ ಕಡೆಗೆ ಹಾಗನ್ನುತ್ತಾಳೆ. ಬುಟ್ಟಿಯ ಮುಂದೆ ಕೂತವಳು ತಲೆ ಎತ್ತಲಿಲ್ಲ.

ಬಸ್ಸಿನಲ್ಲಿ ಈ ಸಲ ಹತ್ತಿದ ಕೂಡಲೇ ಜಾಗ ಸಿಕ್ಕಿತು. ಹಸಿವಾಗಿತ್ತು. ಇಂಥ ಕೆಲಸ ಮಾಡಿ ಬಂದವನಿಗೂ ಹಸಿವಾಗುತ್ತದೆ. ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬಾಯಿಗೆ ಹಾಕಿಕೊಂಡ, ಗುಡ್ಡ ಸಾಲು ಮುಗಿಯುವಷ್ಟರಲ್ಲಿ ಕಾಳೂ ಮುಗಿದವು, ಸಿಪ್ಪೆ ಕೊಡವಲು ಸುರುಳಿ ಬಿಚ್ಚಿದ. ಲ್ಯಾಬ್ ರೆಕಾರ್ಡಿನ ಹಾಳೆ. ಉದ್ದಕ್ಕೂ ಅವನದೇ ಕೆಂಪು ಪೆನ್ನಿನ ಕಾಟು, ಕೆಳಗೆ ಅವನ ಸಹಿ, ಮೇ ತಿಂಗಳ ತಾರೀಕು. ಪರೀಕ್ಷೆಗೆ ಮುಂಚೆ ಅರವತ್ತು ರೆಕಾರ್ಡುಗಳನ್ನು ಒಂದೇ ಸಂಜೆ ಕೂತು ನೋಡಿ ಹಾಕಿದ್ದ ಸಹಿ. ಕಾಟಿನ ಕೆಳಗೆ ದುಂಡನೆಯ ಅಕ್ಷರ ಸ್ಪಷ್ಟವಾಗಿ ಓದುವಂತಿತ್ತು. 0.5 ಅಂದರೆ 1/2. 0.25 ಅಂದರೆ 1/4. 0.125 ಅಂದರೆ 1/8. ಆಮೇಲೆ 0.1, ಅದರ ಮುಂದೆ ಆ ಎರಡು ಉದ್ದನೆಯ ಸಂಖ್ಯೆಗಳು. ಅದರ ಕೆಳಗೆ, ಅಂಚಿನಲ್ಲಿ, ಪೆನ್ಸಿಲ್‌ನಲ್ಲಿ, ತನಗೇ ಅಂತ ಬರೆದುಕೊಂಡಷ್ಟು ಸಣ್ಣದಾಗಿ: ಎರಡು ಕೊಸರು ಉಳಿತು. ಯಾಕ? ಕ್ರಾಂತಿ ಸರ್‌ನ ಕೇಳಬೇಕು, ಅವರಿಗೆ ಗೊತ್ತಿರತೈತಿ.

ಕೂಡ್ಲಿಗಿಯಲ್ಲಿ ಕೊಟ್ಟೂರಿನ ಬಸ್ಸು ಹೊರಡಲು ನಿಂತಿತ್ತು. ಕಂಡಕ್ಟರ್ ಕೂಗುತ್ತಿದ್ದ. ಅವನು ಹಾಳೆಯನ್ನು ಮಡಚಿ, ಒದ್ದೆಯಾಗಿದ್ದ ಆ ಇನ್ನೊಂದರ ಜೊತೆ ಜೇಬಿಗೆ ತುರುಕಿಕೊಂಡು, ಶೇಂಗಾ ಚೀಲ ಎದೆಗೆ ಅವಚಿ ಓಡಿದ.